ರೇಡಿಯೋದ ಬೆನ್ನಹಲಗೆಯ ಬರಹ

ಹಳೆಯ ವಾಲ್ವ್ ರೇಡಿಯೋಗಳ ಒಳಗಿರುವುದನ್ನೆಲ್ಲ ಕಿತ್ತು ತೆಗೆದು, ಆ ಜಾಗದಲ್ಲಿ ಅಂಗೈಯಗಲದ ಬ್ಲೂಟೂತ್ ಬೋರ್ಡೊಂದನ್ನು ಕೂರಿಸಿ, ಮೊಬೈಲಿನ ಹಾಡು ಕೇಳುವ ಪೆಟ್ಟಿಗೆಯನ್ನಾಗಿ ಮಾಡಿಕೊಳ್ಳುವ ರೂಢಿ ಈಚಿನ ವರ್ಷಗಳಲ್ಲಿ ಬೆಳೆದಿದೆ. ಹೊರಗಿನ ಮರದ ಕವಚಕ್ಕೆ ಬೆಲೆ, ಒಳಗಿನದಕ್ಕೆ ಗುಜರಿಯ ದಾರಿ. ಸುಗಟೂರಿನ ನಮ್ಮ ಹಳೆಯ ಮನೆಯ ಮರ್ಫಿ ರೇಡಿಯೋಗೂ ೨೦೨೩ರಲ್ಲಿ ಇದೇ ಗತಿ ಒದಗುವುದರಲ್ಲಿತ್ತು. ಅದನ್ನು ಬಿಚ್ಚಿದ ಮೇಲೆ ತಿಳಿದುಬಂದ ಕೆಲವು ಸಂಗತಿಗಳು ನಮ್ಮ ಮನೆಯೊಂದಕ್ಕೇ ಸಂಬಂಧಿಸಿದವಲ್ಲ ಎನಿಸಿದ್ದರಿಂದ, ನನ್ನ ಹಳೆಯ ವಿದ್ಯಾರ್ಥಿಗಳೂ ಬಂಧುಗಳೂ ಓದಲೆಂದು ಇಲ್ಲಿ ಬರೆದಿಡುತ್ತಿದ್ದೇನೆ.

ಹಳೆಯ ಮನೆಯ ಹೆಂಚು ಇಳಿಸಿ ತಾರಸಿ ಹಾಕಿಸುವ ಕೆಲಸ ನಡೆದಾಗ ಅಟ್ಟದಿಂದ ಇಳಿದ ವಸ್ತುಗಳಲ್ಲಿ ಅದೂ ಒಂದು. ಅತ್ತಿಗೆಯವರು ಹಳೆಯ ಕಂಬಳಿಯಲ್ಲಿ ಸುತ್ತಿ ಇಟ್ಟಿದ್ದರಿಂದ ಮರಕ್ಕೆ ಗೆದ್ದಲು ಹತ್ತಿರಲಿಲ್ಲ. ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರುವ ಅಣ್ಣನ ಮಗ ಅದನ್ನು ತನ್ನ ಮನೆಗೆ ಒಯ್ಯಲು ಬಯಸಿದ. "ಚಿಕ್ಕಪ್ಪ, ಒಳಗಡೆ ಏನೂ ಉಳಿದಿಲ್ಲ. ಎಲ್ಲಾ ತೆಗೆಸಿ ಬ್ಲೂಟೂತ್ ಹಾಕಿಸ್ತೀನಿ. ತಾತನ ರೇಡಿಯೋ ಮತ್ತೆ ಮಾತಾಡುತ್ತೆ" ಎಂದ. ತಾತನ ರೇಡಿಯೋ ಮಾತನಾಡಬೇಕೆಂಬ ಅವನ ಆಸೆಯನ್ನು ಹಗುರವಾಗಿ ಕಾಣಲು ನನಗೆ ಮನಸ್ಸಾಗಲಿಲ್ಲ. ಒಮ್ಮೆ ನೋಡಿಬಿಡೋಣವೆಂದು ಹಿಂಬದಿಯ ಹಲಗೆಯ ನಾಲ್ಕು ತಿರುಪುಗಳನ್ನು ಬಿಚ್ಚಿ ಅದನ್ನು ಮಗುಚಿದಾಗ, ಒಳಮೈಯಲ್ಲಿ ಪೆನ್ಸಿಲಿನ ಮೂರು ಸಾಲು ಕಾಣಿಸಿದವು. ಅಂಕಿಗಳೂ ವಾಲ್ವಿನ ಸಂಕೇತಗಳೂ ಇಂಗ್ಲಿಷಿನಲ್ಲಿ, ಉಳಿದದ್ದು ಉರ್ದುವಿನಲ್ಲಿ. ಹುಡುಗ ಅದನ್ನು ಕಾರ್ಖಾನೆಯ ಗುರುತೆಂದುಕೊಂಡಿದ್ದ.

ಚಿತ್ರ ತೆಗೆದು, ನನ್ನ ಜೊತೆ ಕೆಲಸ ಮಾಡಿದ್ದ ಉರ್ದು ಮೇಷ್ಟ್ರೊಬ್ಬರಿಗೆ ಕಳುಹಿಸಿದೆ. ಅವರು ಅದೇ ಸಂಜೆ ಓದಿ ಹೇಳಿದರು. ಮೊದಲ ಸಾಲು: ೧೪-೧೧-೭೧, ಇಸಿಎಲ್ ೮೨ ಹೊಸದು, ಬಾಕಿ ನಾಲ್ಕು ರೂಪಾಯಿ. ಎರಡನೆಯದು: ಜೂನ್ ೭೪, ಕಾಗದದ ಕಂಡೆನ್ಸರ್ ಎರಡು, ಹಿಂದಿನ ನಾಲ್ಕೂ ಸೇರಿ ಬಂತು. ಮೂರನೆಯದು: ೭೮, ಮುಳ್ಳಿನ ದಾರ. ಬರೆದವರು ಯಾರೆಂಬುದು ನನಗೆ ಕೂಡಲೇ ಹೊಳೆಯಿತು. ಕೋಲಾರದಿಂದ ಸೈಕಲ್ಲಿನ ಹಿಂದೆ ತಗಡಿನ ಪೆಟ್ಟಿಗೆ ಕಟ್ಟಿಕೊಂಡು ಊರೂರು ತಿರುಗುತ್ತಿದ್ದ ರೇಡಿಯೋ ಸಾಹೇಬರು. ಅವರ ಹೆಸರನ್ನು ನಾವು ಮಕ್ಕಳು ಕೇಳಿದವರಲ್ಲ. ರೇಡಿಯೋ ಸಾಹೇಬರೆಂದೇ ಕರೆಯುತ್ತಿದ್ದೆವು. ನಮ್ಮ ತಂದೆ ಎರಡು ವರ್ಷ ಏಳು ತಿಂಗಳು ನಾಲ್ಕು ರೂಪಾಯಿ ಉಳಿಸಿಕೊಂಡಿದ್ದರೆಂಬುದೂ, ಸಾಹೇಬರು ಅದನ್ನು ನಮ್ಮ ರೇಡಿಯೋದೊಳಗೇ ಬರೆದಿಟ್ಟು ಬಾಯಿ ಬಿಟ್ಟು ಕೇಳಿರಲಿಲ್ಲವೆಂಬುದೂ ನನಗೆ ಅಂದು ತಿಳಿಯಿತು. "ಇದನ್ನು ಗುಜರಿಗೆ ಹಾಕುವುದು ಬೇಡ, ನನಗೆ ಸ್ವಲ್ಪ ಕಾಲ ಕೊಡು" ಎಂದು ಹುಡುಗನಿಗೆ ಹೇಳಿದೆ.

ಸುಗಟೂರಿಗೆ ಚರಿತ್ರೆಯ ಪುಸ್ತಕಗಳಲ್ಲಿ ಸ್ಥಾನವಿದೆ. ಹೊಸಕೋಟೆಯನ್ನು ಕಟ್ಟಿದ ಸುಗಟೂರು ಪಾಳೆಯಗಾರ ತಮ್ಮೇಗೌಡರ ಹೆಸರನ್ನು ನೀವೆಲ್ಲ ಓದಿದ್ದೀರಿ. ನಾನು ಹೇಳಹೊರಟಿರುವುದು ಬೇರೊಂದು ಚರಿತ್ರೆ. ಊರಿಗೆ ಹೊರಗಿನ ದನಿ ಯಾವ ದಾರಿಯಿಂದ ಬಂದಿತು ಎಂಬುದು.

ಕನ್ನಡನಾಡಿನಲ್ಲಿ ರೇಡಿಯೋ ಪ್ರಸಾರವು ಸರಕಾರದ ಆಜ್ಞೆಯಿಂದ ಹುಟ್ಟಿದ್ದಲ್ಲ. ಒಬ್ಬ ಮೇಷ್ಟ್ರ ಹುಮ್ಮಸ್ಸಿನಿಂದ ಹುಟ್ಟಿದ್ದು. ಇದನ್ನು ಹೇಳುವಾಗ ನನಗೆ ಸ್ವಲ್ಪ ಜಂಬವೂ ಉಂಟು. ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ. ವಿ. ಗೋಪಾಲಸ್ವಾಮಿಯವರು ೧೯೩೫ರ ಸೆಪ್ಟೆಂಬರ್ ೧೦ರಂದು ತಮ್ಮ ಮನೆ 'ವಿಠ್ಠಲ ವಿಹಾರ'ದಿಂದ ಕೇವಲ ೩೦ ವ್ಯಾಟ್ ಶಕ್ತಿಯ ಯಂತ್ರದಿಂದ ಪ್ರಸಾರವನ್ನು ಆರಂಭಿಸಿದರು. ದೆಹಲಿಯ ಸಂಸ್ಥೆಗೆ ಆಲ್ ಇಂಡಿಯಾ ರೇಡಿಯೋ ಎಂಬ ಹೆಸರು ಬಂದದ್ದು ಅದರ ಮರುವರ್ಷ, ೧೯೩೬ರ ಜೂನ್ ೮ರಂದು. 'ಆಕಾಶವಾಣಿ' ಎಂಬ ಪದ ಮೈಸೂರಿನ ಆ ಪುಟ್ಟ ನಿಲಯದ ಹೆಸರಾಗಿ ಬಳಕೆಗೆ ಬಂದು, ೧೯೫೦ರ ದಶಕದ ಉತ್ತರಾರ್ಧದಲ್ಲಿ ಇಡೀ ದೇಶದ ಪ್ರಸಾರ ಸಂಸ್ಥೆಗೆ ಒದಗಿತು. ಆ ನಿಲಯವನ್ನು ೧೯೪೨ರಲ್ಲಿ ಮೈಸೂರು ಸಂಸ್ಥಾನವೂ, ೧೯೫೦ರ ಏಪ್ರಿಲ್‌ನಲ್ಲಿ ಕೇಂದ್ರ ಸರಕಾರವೂ ವಹಿಸಿಕೊಂಡವು. ೧೯೫೫ರ ನವೆಂಬರ್ ೨ರಂದು ಬೆಂಗಳೂರು ನಿಲಯ ಆರಂಭವಾಯಿತು.

ಕೋಲಾರ ಸೀಮೆಗೆ ಕನ್ನಡದ ದನಿ ಹತ್ತಿರವಾದದ್ದು ಆಗಲೇ ಎನ್ನಬೇಕು. ಮೈಸೂರಿನ ಮೂವತ್ತು ವ್ಯಾಟ್ ಹಗಲು ಹೊತ್ತಿನಲ್ಲಿ ಇಲ್ಲಿಯತನಕ ಹೇಗೆ ತಾನೇ ಬಂದೀತು! ಅದಕ್ಕೆ ಮುಂಚೆ ನಮ್ಮ ಕಡೆಯವರು ಕೇಳುತ್ತಿದ್ದದ್ದು ೧೯೩೮ರಲ್ಲಿ ಆರಂಭವಾದ ಮದರಾಸು ನಿಲಯವನ್ನು, ೧೯೪೮ರ ಕೊನೆಗೆ ಬಂದ ವಿಜಯವಾಡ ನಿಲಯವನ್ನು. ಮನೆಯಲ್ಲಿ ಕನ್ನಡವನ್ನೂ ಹೊಲದಲ್ಲಿ ತೆಲುಗನ್ನೂ ಆಡುವ ನಮ್ಮವರಿಗೆ ಅದರಿಂದ ತೊಂದರೆಯೇನೂ ಆದಂತೆ ಕಾಣುವುದಿಲ್ಲ. ಹರಿಕಥೆ ಯಾವ ಭಾಷೆಯಲ್ಲಾದರೂ ಹರಿಕಥೆಯೇ.

ಆದರೆ ರೇಡಿಯೋ ಕೇಳಲು ಬೇಕಾದ ಮೊದಲ ವಸ್ತು ಪ್ರಸಾರವಲ್ಲ, ವಿದ್ಯುತ್ತು. ಇಲ್ಲಿ ನಮ್ಮ ಜಿಲ್ಲೆಯ ಚರಿತ್ರೆಯಲ್ಲಿ ಒಂದು ವಿಚಿತ್ರವಿದೆ. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಯೋಜಿತವಾದ ಶಿವನಸಮುದ್ರದ ಜಲವಿದ್ಯುತ್ ೧೯೦೨ರ ಜೂನ್ ೩೦ರಂದು ಹರಿದದ್ದು ಬೆಂಗಳೂರಿಗಲ್ಲ, ಮೈಸೂರಿಗೂ ಅಲ್ಲ. ಸುಮಾರು ೧೪೭ ಕಿಲೋಮೀಟರು ದೂರದ ಕೋಲಾರ ಚಿನ್ನದ ಗಣಿಗೆ. ಅಂದಿನ ಜಗತ್ತಿನ ಅತಿ ಉದ್ದದ ತಂತಿಮಾರ್ಗಗಳಲ್ಲಿ ಅದೊಂದು. ಬೆಂಗಳೂರಿನ ಬೀದಿದೀಪ ಬೆಳಗಿದ್ದು ಮೂರು ವರ್ಷಗಳ ಅನಂತರ, ೧೯೦೫ರಲ್ಲಿ. ಹೀಗೆ ವಿದ್ಯುತ್ತು ಕಂಡ ಮೊದಲ ಜಿಲ್ಲೆಗಳಲ್ಲಿ ನಮ್ಮದೂ ಸೇರಿದರೂ, ಆ ತಂತಿಗಳು ನೆಲದಡಿಯ ಚಿನ್ನವನ್ನು ಹುಡುಕಿಕೊಂಡು ಹೋದವೇ ಹೊರತು ಹೊಲಗಳ ನಡುವಿನ ಹಳ್ಳಿಗಳ ಕಡೆ ತಿರುಗಲಿಲ್ಲ. ನಮ್ಮ ಮನೆಗೆ ದೀಪ ಬಂದದ್ದು ೧೯೬೮ರಲ್ಲಿ. ಲೆಕ್ಕ ಹಾಕಿದರೆ ಗಣಿಗಿಂತ ಅರವತ್ತಾರು ವರ್ಷ ತಡ.

ಹಾಗಾದರೆ ಅದಕ್ಕೆ ಮುಂಚೆ ಹಳ್ಳಿಯಲ್ಲಿ ರೇಡಿಯೋ ಇರಲಿಲ್ಲವೇ? ಇತ್ತು, ಬ್ಯಾಟರಿಯದು. ಪಂಚಾಯ್ತಿಗಳಿಗೆ ಸರಕಾರ ಕೊಡಿಸುತ್ತಿದ್ದ ರೇಡಿಯೋಗಳು ಈ ಬಗೆಯವು. ೧೯೫೬ರಲ್ಲಿ ಪುಣೆಯ ಸುತ್ತಮುತ್ತಲ ಹಳ್ಳಿಗಳಲ್ಲಿ ಯುನೆಸ್ಕೋ ನೆರವಿನಿಂದ ನಡೆದ ರೇಡಿಯೋ ಗ್ರಾಮಗೋಷ್ಠಿಗಳ ಪ್ರಯೋಗ ಯಶಸ್ವಿಯಾಗಿ, ೧೯೫೯ರಲ್ಲಿ ಅದನ್ನು ದೇಶಾದ್ಯಂತ ವಿಸ್ತರಿಸಿದರು. ರೈತರು ಒಂದೆಡೆ ಕುಳಿತು ಕೃಷಿಯ ಕಾರ್ಯಕ್ರಮ ಕೇಳಿ, ಚರ್ಚಿಸಿ, ತಮ್ಮ ಪ್ರಶ್ನೆಗಳನ್ನು ನಿಲಯಕ್ಕೆ ಬರೆಯುವ ಏರ್ಪಾಡು ಅದು. ನಮ್ಮ ತಂದೆಯವರು ಹೇಳುತ್ತಿದ್ದಂತೆ, ಚಾವಡಿಯ ರೇಡಿಯೋ ಹಾಕುವ ಅಧಿಕಾರ ಒಬ್ಬರಿಗೇ ಇತ್ತು, ಹಾಕುವ ಹೊತ್ತೂ ಗೊತ್ತಾಗಿತ್ತು. ಕಾರಣ ಜನರ ಶಿಸ್ತಲ್ಲ, ಬ್ಯಾಟರಿಯ ಬೆಲೆ. ವಾಲ್ವಿಗೆ ೯೦ ವೋಲ್ಟ್ ಬೇಕು. ಅಂದರೆ ಒಂದೂವರೆ ವೋಲ್ಟಿನ ಅರವತ್ತು ಕೋಶಗಳನ್ನು ಒಟ್ಟಿಗೆ ಕಟ್ಟಿದ, ಇಟ್ಟಿಗೆಯಂತಹ ಒಂದು ಗಂಟು. ಅದು ಮುಗಿದರೆ ಮುಂದಿನದು ಬರುವವರೆಗೆ ಚಾವಡಿ ಮೌನ.

ಇಲ್ಲಿ ಸ್ವಲ್ಪ ವಿಜ್ಞಾನ ಹೇಳದೆ ವಿಧಿಯಿಲ್ಲ. ನನ್ನಿಂದ ಓಮನ ನಿಯಮ ಕಲಿತವರು ತಾಳ್ಮೆಯಿಂದ ಓದಬೇಕು. ಇದಕ್ಕೆ ಪರೀಕ್ಷೆ ಇಲ್ಲ. ವಾಲ್ವ್ ಎಂದರೆ ಗಾಳಿ ತೆಗೆದ ಗಾಜಿನ ನಳಿಕೆ. ಒಳಗೆ ಒಂದು ಲೋಹದ ಕೊಳವೆಯನ್ನು ಕೆಂಪಗೆ ಕಾಯಿಸಿದರೆ ಅದರಿಂದ ಎಲೆಕ್ಟ್ರಾನುಗಳು ಹೊಮ್ಮುತ್ತವೆ; ಎದುರಿನ ಧನ ತಗಡು ಅವುಗಳನ್ನು ಸೆಳೆಯುತ್ತದೆ. ಫ್ಲೆಮಿಂಗ್ ೧೯೦೪ರಲ್ಲಿ ಇಷ್ಟನ್ನು ಮಾಡಿದ್ದರು. ೧೯೦೬ರಲ್ಲಿ ಡಿ ಫಾರೆಸ್ಟ್ ಆ ಎರಡರ ನಡುವೆ ಒಂದು ಜಾಲರಿಯನ್ನಿಟ್ಟರು. ಜಾಲರಿಯ ಮೇಲಿನ ಅಲ್ಪ ವೋಲ್ಟೇಜ್ ದೊಡ್ಡ ಹರಿವನ್ನು ತಡೆಯಬಲ್ಲದು, ಬಿಡಬಲ್ಲದು; ಕೆರೆಯ ತೂಬಿನ ಹಾಗೆ. ಕ್ಷೀಣವಾದ ದನಿ ದೊಡ್ಡದಾಗುವುದು ಇದರಿಂದಲೇ. ಎಲ್ಲದರ ಮೂಲದಲ್ಲಿರುವುದು ಕಾಯಿಸುವ ಕ್ರಿಯೆ. ಆದ್ದರಿಂದಲೇ ಆ ರೇಡಿಯೋ ಹಾಕಿದೊಡನೆ ಮಾತನಾಡುತ್ತಿರಲಿಲ್ಲ, ಅರ್ಧ ನಿಮಿಷ ಕಾಯಿಸುತ್ತಿತ್ತು.

ವಾಲ್ವಿನ ಹೆಸರಿನ ಮೊದಲ ಅಕ್ಷರವೇ ಅದನ್ನು ಹೇಗೆ ಕಾಯಿಸಬೇಕೆಂದು ಹೇಳುತ್ತದೆ. 'ಡಿ' ಎಂದರೆ ೧.೪ ವೋಲ್ಟ್, ಬ್ಯಾಟರಿಯದು. 'ಇ' ಎಂದರೆ ೬.೩ ವೋಲ್ಟ್, ಟ್ರಾನ್ಸ್‌ಫಾರ್ಮರಿನಿಂದ ಬರುವುದು. 'ಯು' ಎಂದರೆ ಎಲ್ಲ ವಾಲ್ವುಗಳ ಕಾಯಿಸುವ ತಂತಿಗಳನ್ನು ಜಾತ್ರೆಯ ಸರಪಟಾಕಿಯಂತೆ ಒಂದರ ಹಿಂದೊಂದು ಪೋಣಿಸಿ, ನೇರವಾಗಿ ಮನೆಯ ಕರೆಂಟಿಗೆ ಕೊಡುವಂಥದ್ದು. ಈಗ ಲೆಕ್ಕ ನೋಡಿ. ಬ್ಯಾಟರಿ ರೇಡಿಯೋದ ಡಿಕೆ ೯೬, ಡಿಎಫ್ ೯೬, ಡಿಎಎಫ್ ೯೬, ಡಿಎಲ್ ೯೬ ಎಂಬ ನಾಲ್ಕು ವಾಲ್ವುಗಳನ್ನು ಕಾಯಿಸಲು ಒಟ್ಟು ೧೨೫ ಮಿಲಿಆಂಪಿಯರು ಸಾಕು, ೧೭೫ ಮಿಲಿವ್ಯಾಟ್. ನಮ್ಮ ಮನೆಯ ಮರ್ಫಿಯಲ್ಲಿರುವುದು ಇಸಿಹೆಚ್ ೮೧, ಇಬಿಎಫ್ ೮೯, ಇಸಿಎಲ್ ೮೨, ಈಝಡ್ ೮೦ ಮತ್ತು ಹಸಿರು ಕಣ್ಣಿನ ಇಎಮ್ ೮೦. ಇವನ್ನು ಕಾಯಿಸಲು ೨.೨೮ ಆಂಪಿಯರು, ೧೪ ವ್ಯಾಟಿಗೂ ಹೆಚ್ಚು. ಎಂಬತ್ತು ಪಟ್ಟು! ಕರೆಂಟು ಇದ್ದವರ ರೇಡಿಯೋಗೂ ಇಲ್ಲದವರ ರೇಡಿಯೋಗೂ ಇದ್ದ ಅಂತರ ಇಷ್ಟು. ಪೆಟ್ಟಿಗೆಯ ಹೊರಗಿನ ಮರ ನೋಡಿದರೆ ಇದು ತಿಳಿಯುವುದಿಲ್ಲ. ಒಳಗಿನ ಗಾಜಿನ ಮೇಲಿನ ಒಂದು ಅಕ್ಷರ ನೋಡಿದರೆ ತಿಳಿಯುತ್ತದೆ. ನಮ್ಮ ಮನೆಯ ರೇಡಿಯೋದ ವಾಲ್ವುಗಳು 'ಇ' ಎಂದು ಆರಂಭವಾಗುತ್ತವೆ ಎಂಬುದೇ, ೧೯೬೯ರಲ್ಲಿ ತಂದೆಯವರು ಅದನ್ನು ಕೊಳ್ಳುವ ಹೊತ್ತಿಗೆ ಮನೆಗೆ ದೀಪ ಬಂದಿತ್ತೆಂಬುದಕ್ಕೆ ಸಾಕ್ಷಿ.

ಇನ್ನೊಂದು ಸಾಕ್ಷಿ, ಸಾಹೇಬರು ೧೯೭೧ರಲ್ಲಿ ಹಾಕಿದ ಇಸಿಎಲ್ ೮೨. ಉಳಿದ ವಾಲ್ವುಗಳ ಮೇಲಿನ ಅಚ್ಚು ಅಳಿದಿದೆ. ಇದರ ಮೇಲೆ ಮಾತ್ರ ಬಿಇಎಲ್ ಎಂಬ ಗುರುತು ಚೆನ್ನಾಗಿ ಉಳಿದಿದೆ. ಬೆಂಗಳೂರಿನ ಜಾಲಹಳ್ಳಿಯ ಭಾರತ್ ಎಲೆಕ್ಟ್ರಾನಿಕ್ಸ್ ೧೯೫೪ರಲ್ಲಿ ರಕ್ಷಣಾ ಇಲಾಖೆಯ ಅಗತ್ಯಗಳಿಗಾಗಿ ಸ್ಥಾಪಿತವಾದ ಸಂಸ್ಥೆ. ಅದು ರೇಡಿಯೋ ವಾಲ್ವುಗಳ ತಯಾರಿಕೆಯನ್ನು ಆರಂಭಿಸಿದ್ದು ೧೯೬೧ರಲ್ಲಿ. ಮರುವರ್ಷವೇ, ೧೯೬೨ರಲ್ಲಿ, ಅದೇ ಸಂಸ್ಥೆ ಜರ್ಮೇನಿಯಂ ಅರೆವಾಹಕಗಳ ತಯಾರಿಕೆಗೂ ತೊಡಗಿತು. ಎಂದರೆ ವಾಲ್ವನ್ನು ಮೂಲೆಗೆ ತಳ್ಳಿದ ಟ್ರಾನ್ಸಿಸ್ಟರಿನ ಕೆಲಸಕ್ಕೆ. ಒಂದೇ ಆವರಣದಲ್ಲಿ ಹಿರಿಯನ ಪಟ್ಟಾಭಿಷೇಕವೂ ಕಿರಿಯನ ನಾಮಕರಣವೂ ಒಂದು ವರ್ಷದ ಅಂತರದಲ್ಲಿ ನಡೆದವು. ಆದರೂ ಜಾಲಹಳ್ಳಿಯ ವಾಲ್ವುಗಳಿಂದಾಗಿ ಸಾಹೇಬರಂತಹವರಿಗೆ ನಮ್ಮ ಸೀಮೆಯ ರೇಡಿಯೋಗಳನ್ನು ಇನ್ನೂ ಹತ್ತು ಹದಿನೈದು ವರ್ಷ ಜೀವಂತವಾಗಿಡಲು ಸಾಧ್ಯವಾಯಿತು. ಹೊರದೇಶಗಳಲ್ಲಿ ಗಿಟಾರಿನ ಆಂಪ್ಲಿಫೈಯರ್ ಇಟ್ಟುಕೊಂಡವರು ಬಿಇಎಲ್ ಗುರುತಿನ ಹಳೆಯ ವಾಲ್ವುಗಳನ್ನು ಹುಡುಕಿ ಕೊಳ್ಳುತ್ತಾರೆಂದು ಓದಿದಾಗ ನನಗೆ ಆಶ್ಚರ್ಯವಾಯಿತು. ಅಂದ ಹಾಗೆ, ನಿಮ್ಮ ಮನೆಯಲ್ಲಿ ವಾಲ್ವ್ ಇದ್ದರೆ ಗಾಜಿನ ಮೇಲಿನ ಅಕ್ಷರಗಳನ್ನು ಒದ್ದೆ ಬಟ್ಟೆಯಿಂದ ಒರೆಸಬೇಡಿ. ಬೆರಳು ತಾಗಿದರೂ ಅಳಿಸಿಹೋಗುವಷ್ಟು ನಯ ಆ ಅಚ್ಚು.

೧೪-೧೧-೭೧ ಎಂಬ ದಿನಾಂಕವನ್ನು ನೋಡಿ. ಅದಾದ ಮೂರು ವಾರದೊಳಗೆ, ಡಿಸೆಂಬರ್ ೩ರ ಸಂಜೆ, ಪಾಕಿಸ್ತಾನದ ವಿಮಾನಗಳು ನಮ್ಮ ವಿಮಾನ ನೆಲೆಗಳ ಮೇಲೆರಗಿ ಯುದ್ಧ ಆರಂಭವಾಯಿತು. ನನಗಾಗ ಒಂಬತ್ತು ವರ್ಷ. ಆ ಹದಿಮೂರು ದಿನ ನಮ್ಮ ಮನೆಯ ಜಗಲಿ ಸಂಜೆಯಾದರೆ ತುಂಬುತ್ತಿತ್ತು. ಮಗನನ್ನು ಸೈನ್ಯಕ್ಕೆ ಕಳುಹಿಸಿದ್ದ ಒಬ್ಬ ತಾಯಿ ಒಳಗೆ ಬರದೆ ಬಾಗಿಲ ಪಕ್ಕದಲ್ಲಿಯೇ ನಿಂತು ವಾರ್ತೆ ಕೇಳಿ ಹೋಗುತ್ತಿದ್ದದ್ದು ನನ್ನ ಕಣ್ಣಿನಲ್ಲಿದೆ. ಡಿಸೆಂಬರ್ ೧೬ರಂದು ಢಾಕಾದಲ್ಲಿ ಪಾಕಿಸ್ತಾನದ ಸೇನೆ ಶರಣಾಯಿತೆಂಬ ಸುದ್ದಿಯೂ ನಮಗೆ ಈ ಪೆಟ್ಟಿಗೆಯಿಂದಲೇ ಬಂತು. ಇಸಿಎಲ್ ೮೨ ಎಂಬುದು ದನಿಯನ್ನು ಸ್ಪೀಕರಿಗೆ ಒಯ್ಯುವ ಕೊನೆಯ ವಾಲ್ವ್. ಅದು ಸತ್ತಿದ್ದರೆ ಉಳಿದದ್ದೆಲ್ಲ ಸರಿಯಿದ್ದರೂ ಪೆಟ್ಟಿಗೆ ಮೂಕ. ತಂದೆಯವರ ಕೈಯಲ್ಲಿ ಪೂರ್ತಿ ಹಣವಿಲ್ಲವೆಂದು ಸಾಹೇಬರು ಅಂದು ವಾಲ್ವನ್ನು ಹಾಕದೆ ಹಿಂದಕ್ಕೆ ಒಯ್ದಿದ್ದರೆ, ಆ ತಾಯಿ ವಾರ್ತೆಗಾಗಿ ಇನ್ನಾರ ಮನೆಯ ಬಾಗಿಲಿಗೆ ಹೋಗಬೇಕಾಗಿತ್ತೋ ತಿಳಿಯದು.

ಆ ನಾಲ್ಕು ರೂಪಾಯಿಯ ತೂಕವನ್ನು ಇಂದಿನವರಿಗೆ ತಿಳಿಸಲು ಇನ್ನೊಂದು ದಾಖಲೆಯ ಸಹಾಯ ಬೇಕು. ಅತ್ತಿಗೆಯವರ ಟ್ರಂಕಿನಲ್ಲಿ ರೇಡಿಯೋದ ಲೈಸೆನ್ಸ್ ಪುಸ್ತಕ ಸಿಕ್ಕಿತು. ರೇಡಿಯೋ ಇಟ್ಟುಕೊಳ್ಳಲು ಅಂದು ಸರಕಾರದ ಪರವಾನಗಿ ಬೇಕಾಗಿತ್ತು ಎಂದರೆ ನನ್ನ ಅಣ್ಣನ ಮಗ ನಂಬಲೇ ಇಲ್ಲ. ಅಂಚೆ ಕಛೇರಿಗೆ ಹೋಗಿ ವರ್ಷಕ್ಕೆ ಹದಿನೈದು ರೂಪಾಯಿ ಕಟ್ಟಿ, ಪುಸ್ತಕದಲ್ಲಿ ಅದಕ್ಕೆಂದೇ ಅಚ್ಚಾದ ಸ್ಟ್ಯಾಂಪು ಅಂಟಿಸಿ ಮೊಹರು ಹಾಕಿಸಿಕೊಳ್ಳಬೇಕಾಗಿತ್ತು. ತಪಾಸಣೆಗೆ ಬಂದವರಿಗೆ ಆ ಪುಸ್ತಕ ತೋರಿಸದಿದ್ದರೆ ದಂಡ. ೧೯೮೦ರ ದಶಕದ ನಡುವೆ ಈ ಪದ್ಧತಿ ರದ್ದಾಯಿತು. ತಂದೆಯವರ ಪುಸ್ತಕದಲ್ಲಿ 'ಉಪಯೋಗಿಸುವ ಸ್ಥಳ' ಎಂಬಲ್ಲಿ ಸುಗಟೂರು ಎಂದು ದುಂಡಗಿನ ಅಕ್ಷರಗಳಲ್ಲಿ ಬರೆದಿದೆ. ಸರಕಾರದ ಹದಿನೈದು ರೂಪಾಯಿಯನ್ನು ಅವರು ಒಂದು ವರ್ಷವೂ ತಪ್ಪಿಸಿಲ್ಲ. ಸಾಹೇಬರ ನಾಲ್ಕು ಮಾತ್ರ ತಡವಾಯಿತು. ದಂಡ ಹಾಕುವವನಿಗೆ ಮೊದಲು, ಕಾಯುವವನಿಗೆ ಆಮೇಲೆ. ಬಡ ಸಂಸಾರಸ್ಥರ ಲೆಕ್ಕ ಯಾವಾಗಲೂ ಹೀಗೆಯೇ.

ಹಾಡಿನ ವಿಷಯವನ್ನು ಬಿಟ್ಟರೆ ಅತ್ತಿಗೆಯವರು ನನ್ನನ್ನು ಕ್ಷಮಿಸುವುದಿಲ್ಲ. ೧೯೫೨ರಲ್ಲಿ ಪ್ರಸಾರ ಖಾತೆಗೆ ಬಂದ ಬಿ. ವಿ. ಕೇಸ್ಕರ್ ಅವರಿಗೆ ಚಿತ್ರಗೀತೆಯೆಂದರೆ ಆಗುತ್ತಿರಲಿಲ್ಲ. ಆಕಾಶವಾಣಿಯಲ್ಲಿ ಸಿನಿಮಾ ಹಾಡು ಕಡಿಮೆಯಾದದ್ದೇ ತಡ, ದೇಶದ ಕಿವಿ ಸಿಲೋನಿನತ್ತ ತಿರುಗಿತು. ಅಮೀನ್ ಸಯಾನಿಯವರ ಬಿನಾಕಾ ಗೀತ್‌ಮಾಲಾ ಆರಂಭವಾದದ್ದೂ ಅದೇ ವರ್ಷದ ಕೊನೆಗೆ. ಸರಕಾರ ಎಚ್ಚೆತ್ತು ೧೯೫೭ರ ಅಕ್ಟೋಬರ್ ೩ರಂದು ವಿವಿಧಭಾರತಿಯನ್ನು ಆರಂಭಿಸಿತು. ನಮ್ಮ ಮನೆಯಲ್ಲಿ ಬುಧವಾರ ರಾತ್ರಿ ಎಂಟಕ್ಕೆ ಮುಳ್ಳು ಶಾರ್ಟ್‌ವೇವಿನ ಕಡೆ ಸರಿಯುತ್ತಿತ್ತು. ತಂದೆಯವರು ಆ ಹೊತ್ತಿಗೆ ಸರಿಯಾಗಿ ಹೊಲದ ನೀರು ನೋಡಲು ಎದ್ದು ಹೋಗುತ್ತಿದ್ದರು. ಹೊಲದಲ್ಲಿ ನೀರಿಲ್ಲದ ವರ್ಷಗಳಲ್ಲಿಯೂ!

ಇನ್ನು ದುರಸ್ತಿಯ ವಿಷಯ. ಐದು ತಿಂಗಳು, ಭಾನುವಾರಗಳಂದು ಮಾತ್ರ. ಕೋಲಾರದಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಕೈ ಜೋಡಿಸಿದ. ಬೇಕಾದ ಭಾಗಗಳು ಬೆಂಗಳೂರಿನ ಎಸ್. ಪಿ. ರಸ್ತೆಯಲ್ಲಿ ದೊರೆತವು.

ಇಂತಹ ರೇಡಿಯೋವನ್ನು ಅಟ್ಟದಿಂದ ಇಳಿಸಿದ ಉತ್ಸಾಹದಲ್ಲಿ ನೇರವಾಗಿ ಪ್ಲಗ್ಗಿಗೆ ಹಾಕಬಾರದು. ಒಳಗೆ ೨೫೦ ವೋಲ್ಟಿನವರೆಗೆ ನೇರ ವಿದ್ಯುತ್ತು ಇರುತ್ತದೆ, ಸ್ವಿಚ್ಚು ಆರಿಸಿದ ಮೇಲೂ ಕಂಡೆನ್ಸರಿನಲ್ಲಿ ಸ್ವಲ್ಪ ಹೊತ್ತು ಉಳಿದಿರುತ್ತದೆ. ನಾವು ಮೊದಲು ಹಳೆಯ ವೈರನ್ನು ಬದಲಿಸಿದೆವು. ಅದರ ರಬ್ಬರು ಮುಟ್ಟಿದರೆ ಪುಡಿಯಾಗುತ್ತಿತ್ತು. ಆಮೇಲೆ ಅರವತ್ತು ವ್ಯಾಟಿನ ಹಳೆಯ ಬುರುಡೆ ದೀಪವೊಂದನ್ನು ಸೀರೀಸಿನಲ್ಲಿ ಕೊಟ್ಟು ಕರೆಂಟು ಹಾಯಿಸಿದೆವು. ಒಳಗೆಲ್ಲಾದರೂ ಶಾರ್ಟ್ ಇದ್ದರೆ ದೀಪ ಪೂರ್ತಿ ಬೆಳಗುತ್ತದೆ, ರೇಡಿಯೋ ಸುಡುವುದಿಲ್ಲ. ನಮ್ಮದರಲ್ಲಿ ದೀಪ ಒಮ್ಮೆ ಬೆಳಗಿ ಮಂಕಾಯಿತು. ಅದು ಶುಭಸೂಚನೆ.

ವಾಲ್ವುಗಳ ಸ್ಥಿತಿಯನ್ನು ತಿಳಿಯಲು ಯಂತ್ರವೇ ಬೇಕೆಂದಿಲ್ಲ, ಕಣ್ಣಿನಿಂದಲೂ ಅರ್ಧ ತಿಳಿಯಬಹುದು. ಗಾಜಿನ ತಲೆಯ ಒಳಭಾಗದಲ್ಲಿ ಕನ್ನಡಿಯಂತಹ ಬೆಳ್ಳಿ ಮಚ್ಚೆಯೊಂದಿರುತ್ತದೆ. ಅದು ಬೇರಿಯಂ ಲೋಹ. ಉಳಿದ ಚೂರುಪಾರು ಅನಿಲವನ್ನು ಹೀರಿಕೊಳ್ಳಲೆಂದು ಇಟ್ಟದ್ದು. ಗಾಳಿ ಒಳನುಗ್ಗಿದ್ದರೆ ಆ ಮಚ್ಚೆ ಹಾಲಿನಂತೆ ಬೆಳ್ಳಗಾಗುತ್ತದೆ. ನಮ್ಮ ಐದೂ ವಾಲ್ವುಗಳಲ್ಲಿ ಕನ್ನಡಿ ಹೊಳೆಯುತ್ತಿತ್ತು. 'ಒಳಗಡೆ ಏನೂ ಉಳಿದಿಲ್ಲ' ಎಂದಿದ್ದ ಹುಡುಗನನ್ನು ಕರೆದು ಅದನ್ನು ತೋರಿಸಿದೆ.

ಕೆಟ್ಟದ್ದು ಕಂಡೆನ್ಸರುಗಳು. ವಿದ್ಯುತ್ತನ್ನು ಶೋಧಿಸುವ ದೊಡ್ಡ ಎಲೆಕ್ಟ್ರೋಲಿಟಿಕ್ ಒಣಗಿ ಹೋಗಿ ಗುಂಯ್ ಎಂಬ ಸದ್ದು ಮಾತ್ರ ಕೊಡುತ್ತಿತ್ತು. ಕಾಗದದವುಗಳಲ್ಲಿ ಮುಖ್ಯವಾದದ್ದು ಕೊನೆಯ ವಾಲ್ವಿನ ಜಾಲರಿಗೆ ದನಿಯನ್ನು ಒಯ್ಯುವಂಥದ್ದು. ಅದು ಸೋರತೊಡಗಿದರೆ ಜಾಲರಿಗೆ ಧನ ವೋಲ್ಟೇಜ್ ಬಂದು ವಾಲ್ವ್ ಕೆಂಪಗೆ ಕಾದು ಸಾಯುತ್ತದೆ. ಸಾಹೇಬರು ೧೯೭೪ರಲ್ಲಿ ಬದಲಿಸಿದ ಎರಡರಲ್ಲಿ ಇದೂ ಒಂದು. ಅವರ ಕೈಯ ಬೆಸುಗೆಯನ್ನು ಕಂಡಾಗ ನನಗೆ ಸಂಕಟವಾಯಿತು. ಅರ್ಧ ಶತಮಾನದ ಹಿಂದಿನ ಆ ಕಂಡೆನ್ಸರನ್ನು ಹಾಗೆಯೇ ಬಿಟ್ಟರೆ ಅವರೇ ಹಾಕಿದ ಇಸಿಎಲ್ ೮೨ ಸುಟ್ಟುಹೋಗುತ್ತದೆ. ತೆಗೆದುಬಿಟ್ಟರೆ ಅವರ ಕೆಲಸದ ಕುರುಹು ಹೋಗುತ್ತದೆ. ಶಿಷ್ಯ ದಾರಿ ತೋರಿಸಿದ. ಹಳೆಯದರ ಮೇಣವನ್ನು ಬಿಸಿ ಮಾಡಿ, ಒಳಗಿನ ಕಾಗದದ ಸುರುಳಿಯನ್ನು ಹೊರಗೆಳೆದು, ಬರಿಯ ಕೊಳವೆಯೊಳಗೆ ಈಗಿನ ಪುಟ್ಟ ಪಾಲಿಯೆಸ್ಟರ್ ಕಂಡೆನ್ಸರನ್ನು ಸೇರಿಸಿ, ಮತ್ತೆ ಮೇಣ ತುಂಬಿದ. ಹೊರಗಿನಿಂದ ಸಾಹೇಬರದು, ಒಳಗಿನಿಂದ ಶಿಷ್ಯನದು. ಉಳಿದ ಕಾಗದದ ಕಂಡೆನ್ಸರುಗಳನ್ನು ನೇರವಾಗಿ ಬದಲಿಸಿದೆವು. ಅಭ್ರಕದವು ಸರಿಯಾಗಿಯೇ ಇದ್ದವು, ಮುಟ್ಟಲಿಲ್ಲ. ಸುಮಾರು ಅರ್ಧದಷ್ಟು ರೆಸಿಸ್ಟರುಗಳು ವಯಸ್ಸಾದಂತೆ ಮೌಲ್ಯ ಏರಿಸಿಕೊಂಡಿದ್ದವು. ತೀರಾ ಏರಿದ ಮೂರನ್ನು ಮಾತ್ರ ತೆಗೆದೆವು. ಮುಳ್ಳಿನ ದಾರ ಎಳೆದೊಡನೆ ತುಂಡಾಯಿತು. ರಾಟೆಗಳ ಸುತ್ತ ಹೊಸ ದಾರ ಹಾಯಿಸುವುದು ಉಳಿದೆಲ್ಲ ಕೆಲಸಕ್ಕಿಂತ ಕಷ್ಟವೆಂದು ಮಾಡಿದವರಿಗೇ ಗೊತ್ತು. ಎರಡು ಭಾನುವಾರ ಅದಕ್ಕೇ ಹೋಯಿತು. ಮರಕ್ಕೆ ಹೊಸ ವಾರ್ನಿಷ್ ಬಳಿಯದೆ, ಅರಗು ಕರಗಿಸಿದ ಸ್ಪಿರಿಟ್ಟಿನಿಂದ ತೆಳುವಾಗಿ ಉಜ್ಜಿ ಬಿಟ್ಟೆವು.

ಬ್ಲೂಟೂತಿನ ಪ್ರಶ್ನೆಗೆ ಉತ್ತರ ರೇಡಿಯೋದ ಬೆನ್ನಿನಲ್ಲಿಯೇ ಇತ್ತು. ಆ ಕಾಲದ ಬಹುಪಾಲು ದೊಡ್ಡ ರೇಡಿಯೋಗಳ ಹಿಂಬದಿಯಲ್ಲಿ ಗ್ರಾಮಫೋನ್ ಜೋಡಿಸಲು ಎರಡು ತೂತುಗಳಿರುತ್ತಿದ್ದವು. ತಟ್ಟೆಯ ಸಂಗೀತವನ್ನು ರೇಡಿಯೋದ ವಾಲ್ವಿನಿಂದಲೇ ದೊಡ್ಡದು ಮಾಡಿ ಕೇಳುವ ಅನುಕೂಲ ಅದು. ನಮ್ಮ ಮನೆಯಲ್ಲಿ ಗ್ರಾಮಫೋನ್ ಇರಲಿಲ್ಲವಾದ್ದರಿಂದ ಆ ತೂತುಗಳಲ್ಲಿ ಜೇಡ ಮನೆ ಮಾಡಿತ್ತು. ಬೆಂಕಿಪೊಟ್ಟಣದಷ್ಟು ಬ್ಲೂಟೂತ್ ಗ್ರಾಹಕವೊಂದನ್ನು ತಂದು ಅದರ ವೈರುಗಳನ್ನು ಆ ತೂತುಗಳಿಗೆ ಕೊಟ್ಟೆವು. ಒಂದು ತಂತಿಯನ್ನೂ ಕತ್ತರಿಸಲಿಲ್ಲ, ಒಂದು ಮೊಳೆಯನ್ನೂ ಹೊಡೆಯಲಿಲ್ಲ. ಈಗ ಹುಡುಗನ ಮೊಬೈಲಿನ ಹಾಡು ೧೯೭೧ರ ಇಸಿಎಲ್ ೮೨ರ ಮೂಲಕವೇ ಹಾದು ಬರುತ್ತದೆ. ಒಂದು ಎಚ್ಚರಿಕೆ ಮಾತ್ರ ಅಗತ್ಯ: ಇದು ಟ್ರಾನ್ಸ್‌ಫಾರ್ಮರ್ ಇರುವ ರೇಡಿಯೋಗಳಿಗೆ ಮಾತ್ರ ಸಲ್ಲುತ್ತದೆ. 'ಯು' ಎಂದು ಆರಂಭವಾಗುವ ವಾಲ್ವುಗಳಿದ್ದರೆ ಒಳಗಿನ ಲೋಹದ ತಳಕ್ಕೆ ನೇರವಾಗಿ ಮನೆಯ ಕರೆಂಟೇ ಬಂದಿರಬಹುದು. ಅಂಥದ್ದಕ್ಕೆ ತಿಳಿದವರ ಸಹಾಯವಿಲ್ಲದೆ ಕೈ ಹಾಕಬೇಡಿ. ಇದನ್ನು ಮೇಷ್ಟ್ರ ಮಾತೆಂದೇ ತಿಳಿಯಿರಿ.

೨೦೨೩ರ ಡಿಸೆಂಬರಿನ ಒಂದು ಸಂಜೆ ಏರಿಯಲ್ ಕಟ್ಟಿ ಮೀಡಿಯಂ ವೇವ್ ತಿರುಗಿಸಿದೆವು. ಮೊದಲು ಬರಿಯ ಗೊರಗೊರ ಸದ್ದು. ಮನೆಯ ಎಲ್‌ಇಡಿ ದೀಪಗಳು, ಮೊಬೈಲ್ ಚಾರ್ಜರು, ಇನ್ವರ್ಟರು ಇವುಗಳನ್ನು ಒಂದೊಂದಾಗಿ ಆರಿಸಿದಂತೆ ಗದ್ದಲ ಇಳಿಯುತ್ತ ಬಂತು. ಕೊನೆಗೆ ಕತ್ತಲಲ್ಲಿ, ಹಸಿರು ಕಣ್ಣಿನ ಬೆಳಕೊಂದರಲ್ಲಿಯೇ, ೬೧೨ ಕಿಲೋಹರ್ಟ್ಸ್‌ನಲ್ಲಿ ಬೆಂಗಳೂರು ನಿಲಯ ಸ್ಪಷ್ಟವಾಗಿ ಬಂತು. ಅತ್ತಿಗೆಯವರು ಏನೂ ಹೇಳಲಿಲ್ಲ, ಕುರ್ಚಿಯನ್ನು ಸ್ವಲ್ಪ ಹತ್ತಿರಕ್ಕೆ ಎಳೆದುಕೊಂಡರು. ಶಾರ್ಟ್‌ವೇವಿನಲ್ಲಿ ಹಿಂದಿನ ಜಾತ್ರೆಯಿಲ್ಲ. ಬಿಬಿಸಿಯ ಹಿಂದಿ ಪ್ರಸಾರ ೨೦೨೦ರ ಜನವರಿ ೩೧ಕ್ಕೆ ಅಲ್ಲಿಂದ ನಿರ್ಗಮಿಸಿತು. ಒಂದೆರಡು ಚೀನೀ ನಿಲಯಗಳು ಸಿಕ್ಕವು, ಅಷ್ಟೆ. ನಾಳೆ ಮೀಡಿಯಂ ವೇವೂ ನಿಂತುಹೋದರೆ ಈ ಪೆಟ್ಟಿಗೆಗೆ ಗ್ರಾಮಫೋನಿನ ತೂತುಗಳೇ ಗತಿ. ಇದನ್ನು ಯೋಚಿಸಿದರೆ ಹುಡುಗನ ಬ್ಲೂಟೂತ್ ಅಷ್ಟೇನೂ ಅವಿವೇಕವಲ್ಲ.

ಎಲ್ಲ ಹಳೆಯ ರೇಡಿಯೋಗಳನ್ನೂ ಹೀಗೆಯೇ ಉಳಿಸಬೇಕೆಂದು ನಾನು ಹೇಳುತ್ತಿಲ್ಲ. ಒಳಗೆ ತುಕ್ಕು ತಿಂದು, ವಾಲ್ವುಗಳು ಕಳೆದು, ಟ್ರಾನ್ಸ್‌ಫಾರ್ಮರು ಸುಟ್ಟು ಹೋಗಿದ್ದರೆ ಬರಿಯ ಪೆಟ್ಟಿಗೆಯಲ್ಲಿ ಬೋರ್ಡು ಕೂರಿಸಿ ಸಂತೋಷವಾಗಿ ಹಾಡು ಕೇಳಿ. ಆದರೆ ಕೀಳುವ ಮೊದಲು ಬೆನ್ನಹಲಗೆಯನ್ನು ಮಗುಚಿ ನೋಡಿ. ವಾಲ್ವಿನ ಹೆಸರುಗಳನ್ನು ಒಂದು ಕಾಗದದ ಮೇಲೆ ಬರೆದುಕೊಳ್ಳಿ, ಲೈಸೆನ್ಸ್ ಪುಸ್ತಕ ಇದ್ದರೆ ಎಸೆಯಬೇಡಿ, ಚಿತ್ರ ತೆಗೆದು ನನಗೂ ಒಂದು ಪ್ರತಿ ಕಳುಹಿಸಿ. ಹಳ್ಳಿಗಳ ಸಾಹೇಬರುಗಳ ಚರಿತ್ರೆಯನ್ನು ಯಾರೂ ಬರೆದಿಟ್ಟಿಲ್ಲ. ಅವರೇ ಬರೆದಿಟ್ಟದ್ದು ಇಷ್ಟೇ. ನಮ್ಮ ಸಾಹೇಬರ ಮನೆಯವರನ್ನು ಹುಡುಕಿಕೊಂಡು ಕೋಲಾರದಲ್ಲಿ ಎರಡು ದಿನ ತಿರುಗಿದೆ. ಅವರು ಕುಳಿತುಕೊಳ್ಳುತ್ತಿದ್ದರೆಂದು ಹಿರಿಯರೊಬ್ಬರು ತೋರಿಸಿದ ಜಾಗದಲ್ಲಿ ಈಗ ಜೆರಾಕ್ಸ್ ಅಂಗಡಿಯಿದೆ. ಅಲ್ಲಿಂದ ಮುಂದಕ್ಕೆ ಜಾಡು ಸಿಗಲಿಲ್ಲ. ಇದನ್ನು ಓದುವವರಲ್ಲಿ ಯಾರಿಗಾದರೂ ಗೊತ್ತಿದ್ದರೆ ತಿಳಿಸಬೇಕಾಗಿ ವಿನಂತಿ.

ಹಲಗೆಯನ್ನು ಮತ್ತೆ ಮುಚ್ಚುವ ಮೊದಲು ಸಾಹೇಬರ ಮೂರು ಸಾಲಿನ ಕೆಳಗೆ, ಪೆನ್ಸಿಲಿನಿಂದಲೇ, ನಾವು ಬದಲಿಸಿದ ಭಾಗಗಳ ಪಟ್ಟಿಯನ್ನೂ ತಿಂಗಳನ್ನೂ ಕನ್ನಡದಲ್ಲಿ ಬರೆದಿದ್ದೇನೆ. ತೆಗೆದ ಹಳೆಯ ಭಾಗಗಳು ಒಂದು ಬಿಸ್ಕತ್ತಿನ ಡಬ್ಬಿಯಲ್ಲಿವೆ. ಎಸ್. ಪಿ. ರಸ್ತೆಯಿಂದ ತಂದವುಗಳಲ್ಲಿ ಎರಡು ಇಸಿಹೆಚ್ ೮೧, ಒಂದು ಈಝಡ್ ೮೦, ನಾಲ್ಕು ಗಜ ಮುಳ್ಳಿನ ದಾರ ನನ್ನ ಬಳಿ ಹೆಚ್ಚಿಗೆ ಉಳಿದಿವೆ. ಬೇಕಾದವರು ತಿಳಿಸಿದರೆ ಅಂಚೆಯಲ್ಲಿ ಕಳುಹಿಸಿಕೊಡುತ್ತೇನೆ.